ಕಂಡದ್ದು, ಕೇಳಿದ್ದು

ಕಲ್ಯಾಣದ ಕೋರ್ಟಿನಿಂದ ಸಾಕ್ಷಿಯ ಸಮನ್ಸನ್ನು ಹಿಡಿದು ಪೊಲೀಸರು ನಮ್ಮ ಶಾಲೆಯ ಬಾಗಿಲಿಗೆ ಬಂದಾಗ ವಿದ್ಯಾರ್ಥಿಗಳಲ್ಲಿ ಗುಜುಗುಜು ಹುಟ್ಟಿದ್ದು ಸಹಜವೇ. ಮಾಸ್ತರರನ್ನು ಹಿಡಿದೊಯ್ಯುತ್ತಾರೆಂದೇ ಕೆಲವರು ತಿಳಿದಿದ್ದರಂತೆ! 2023ರ ಮಳೆಗಾಲದಲ್ಲಿ ಡೊಂಬಿವಲಿಯ ರಸ್ತೆಯೊಂದರಲ್ಲಿ ರಿಕ್ಷಾ ತಗುಲಿ ನಮ್ಮ ಏಳನೆಯ ತರಗತಿಯ ಹುಡುಗನೊಬ್ಬನ ಕಾಲು ಮುರಿದಿತ್ತು. ಆಗ ನಾವು ಅಲ್ಲಿದ್ದೆವು. ಎರಡು ವರ್ಷಗಳ ತರುವಾಯ ಕರೆ ಬಂದಿತು.

ಊರು ಬಿಟ್ಟು ಬಂದು ಹತ್ತು ವರ್ಷ ಕಳೆದರೂ ನಾವು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಹೆದರಿಕೆ ಇದ್ದಿತು. 1891ರಲ್ಲಿ ಬ್ಯಾರಿಸ್ಟರರಾಗಿ ವಿಲಾಯಿತಿಯಿಂದ ಮರಳಿದ ಗಾಂಧೀಜಿಯವರೇ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಪಾಟೀಸವಾಲಿಗೆ ಎದ್ದು ನಿಂತು, ಒಂದು ಪ್ರಶ್ನೆಯೂ ಹೊಳೆಯದೆ ಕುಳಿತು, ಪಡೆದಿದ್ದ 30 ರೂಪಾಯಿಗಳನ್ನು ಹಿಂದಿರುಗಿಸಿದರೆಂದು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದನ್ನು ನೆನೆದು ತುಸು ಸಮಾಧಾನ ತಂದುಕೊಂಡೆವು. ಆದರೆ ವಕೀಲನಿಗೆ ಕುಳಿತುಕೊಳ್ಳುವ ಸ್ವಾತಂತ್ರ್ಯವುಂಟು, ಸಾಕ್ಷಿಗೆ ಅದಿಲ್ಲ.

ಒಂದು ದಿನ ರಜೆ ಹಾಕಿ ಕೋರ್ಟು ನೋಡಲು ಹೋದೆವು. ನ್ಯಾಯಾಸ್ಥಾನದ ಬಾಗಿಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ. ಹಿಂದಿನ ಬೆಂಚಿನಲ್ಲಿ ಯಾರೂ ಸುಮ್ಮನೆ ಕುಳಿತು ಕೇಳಬಹುದು. ತರಕಾರಿ ಮಾರುವ ಹೆಂಗಸೊಬ್ಬಳು ಕಟಕಟೆಯಲ್ಲಿದ್ದಳು. ತಿಳಿದುದಕ್ಕೆ ಉತ್ತರ ಕೊಟ್ಟು, ತಿಳಿಯದುದಕ್ಕೆ "ಮಾಹೀತ್ ನಾಹೀ" ಎಂದು ನಿಶ್ಚಿಂತೆಯಿಂದ ಹೇಳಿಬಿಡುತ್ತಿದ್ದಳು. ಒಂದೊಂದು ಮಾತೂ ಟೈಪಾಗುವವರೆಗೆ ತಡೆದು ಹೇಳಬೇಕಾಗಿದ್ದಿತು. ನಮ್ಮ ಉಕ್ತಲೇಖನದ ತಾಸಿನಂತೆಯೇ! ಅಷ್ಟರ ಮಟ್ಟಿಗೆ ನಮಗೆ ರೂಢಿಯುಂಟೆಂದು ಧೈರ್ಯ ಬಂದಿತು.

ಮನೆಗೆ ಬಂದು ಹಾಳೆಯೊಂದರ ನಡುವೆ ಗೆರೆ ಎಳೆದು, ಒಂದು ಕಡೆ 'ಕಂಡದ್ದು', ಇನ್ನೊಂದು ಕಡೆ 'ಕೇಳಿದ್ದು' ಎಂದು ಬರೆದೆವು. 1872ರ ಸಾಕ್ಷ್ಯ ಕಾನೂನಿನಲ್ಲಿಯೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇರುವ ನಿಯಮ ಇದು: ಕಂಡ ಸಂಗತಿಯನ್ನು ಕಂಡವನೇ ಹೇಳಬೇಕು, ಕಿವಿಗೆ ಬಿದ್ದ ಸಪ್ಪಳವನ್ನು ಕೇಳಿದವನೇ ಹೇಳಬೇಕು. ಬ್ರೇಕಿನ ಚೀತ್ಕಾರ ನಮ್ಮ ಕಿವಿಗೇ ಬಿದ್ದಿತ್ತು. ಅದು ಎಡಗಡೆಗೆ ಸೇರಿತು. ರಿಕ್ಷಾ ಅತಿವೇಗದಿಂದ ಬಂದಿತು, ಚಾಲಕ ಫೋನಿನಲ್ಲಿ ಮಾತಾಡುತ್ತಿದ್ದ, ಇವೆಲ್ಲ ಜನರ ಬಾಯಿಂದ ಬಂದವು, ಬಲಗಡೆಗೆ ಹೋದವು. ನಾವು ತಿರುಗಿ ನೋಡಿದಾಗ ಹುಡುಗ ಬಿದ್ದಿದ್ದ. ಚಾಲಕ ಇಳಿದು ಓಡಿ ಬಂದು, ನಮ್ಮೊಡನೆ ಅವನನ್ನೆತ್ತಿ ತನ್ನ ರಿಕ್ಷಾದಲ್ಲಿಯೇ ಆಸ್ಪತ್ರೆಗೆ ಒಯ್ದಿದ್ದ. ಇದೂ ಕಂಡದ್ದೇ. ಎಡಗಡೆಯಲ್ಲಿ ಐದು ಸಾಲೂ ತುಂಬಲಿಲ್ಲ.

ಅಂದು ಸಂಜೆಯೇ ಹುಡುಗನ ತಂದೆ ಬಂದರು. ಕಲಬುರಗಿ ಕಡೆಯವರು, ಗಾರೆ ಕೆಲಸದವರು. ಪರಿಹಾರದ ದಾವೆ ಠಾಣೆಯ ನ್ಯಾಯಮಂಡಳಿಯಲ್ಲಿ ಬೇರೆಯಾಗಿ ನಡೆದಿದ್ದಿತು. ಇಲ್ಲಿ ಕೇಸು ಬಿದ್ದರೆ ಅಲ್ಲಿಯೂ ಕೈ ಜಾರೀತೆಂಬ ಅಂಜಿಕೆ ಅವರದು. "ಮಾಸ್ತರ್ರೀ, ರಿಕ್ಷಾ ಜೋರಿನಿಂದ ಬಂದದ್ದು ನೋಡೀನಿ ಅಂತ ಒಂದ್ ಮಾತ್ ಹೇಳ್ರಿ. ನಿಮ್ಮ ಮಾತಿಗೆ ಬೆಲಿ ಐತ್ರಿ" ಎಂದರು. ಶಸ್ತ್ರಚಿಕಿತ್ಸೆಯ ಸಾಲದ ಚೀಟಿಗಳು ಅವರ ಕೈಯಲ್ಲಿದ್ದುವು. ನಾವು ಹಾಳೆಯನ್ನು ಅವರ ಮುಂದೆ ಇಟ್ಟು ಓದಿ ಹೇಳಿದೆವು. ಅವರು ಚಹ ಮುಟ್ಟದೆ ಎದ್ದುಹೋದರು. ಆ ರಾತ್ರಿ ನಮಗೆ ನಿದ್ರೆ ಬಾರದಿದ್ದುದಕ್ಕೆ ಕಾರಣ ಕೋರ್ಟಲ್ಲ.

ಉಳಿದದ್ದು ಭಾಷೆಯ ಪ್ರಶ್ನೆ. ಅಲ್ಲಿಯ ವ್ಯವಹಾರ ಮರಾಠಿಯಲ್ಲಿ. ಕನ್ನಡದಲ್ಲಿಯೇ ಹೇಳುವೆವೆನ್ನಬಹುದು, ಭಾಷಾಂತರಕಾರರು ದೊರೆಯುವವರೆಗೆ ಕಾಯಬೇಕಾದೀತು. ನಮ್ಮದು ಸಂತೆಯಲ್ಲಿಯೂ ಲೋಕಲ್ ಗಾಡಿಯಲ್ಲಿಯೂ ಕಲಿತ ಮರಾಠಿ. ಆದರೂ ಅದರಲ್ಲಿಯೇ ಹೇಳುವುದೆಂದು ನಿಶ್ಚಯಿಸಿ, ಎರಡು ಕ್ರಿಯಾಪದಗಳನ್ನು ಬಾಯಿಪಾಠ ಮಾಡಿದೆವು: ಪಾಹಿಲೆ, ಕಂಡೆ, ಐಕಲೆ, ಕೇಳಿದೆ.

ಗೊತ್ತಾದ ದಿನ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕಾಯಿಸಿದರು. ಪ್ರಮಾಣವಚನವಾಯಿತು. (ಹನ್ನೆರಡು ವರ್ಷದೊಳಗಿನ ಮಕ್ಕಳಿಂದ ಪ್ರಮಾಣವಿಲ್ಲದೆಯೂ ಸಾಕ್ಷ್ಯ ಪಡೆಯಬಹುದೆಂದು 1969ರ ಕಾನೂನು ಹೇಳುತ್ತದೆ; ಚಿಕ್ಕವರು ತಿಳಿದಿರಲಿ.) ಸರ್ಕಾರಿ ವಕೀಲರು ವೇಗವನ್ನು ಕೇಳಿದರು. "ಪಾಹಿಲೆ ನಾಹೀ" ಎಂದೆವು. ಬ್ರೇಕಿನ ಸಪ್ಪಳವನ್ನು ಹೇಳಿದೆವು. ಆರೋಪಿಯ ವಕೀಲರು ಹುಡುಗನನ್ನು ಎತ್ತಿದವರು ಯಾರೆಂದು ಕೇಳಿದರು, ಅದನ್ನೂ ಹೇಳಿದೆವು. ಕಾಲು ಗಂಟೆಯಲ್ಲಿ ಮುಗಿಯಿತು. ತೀರ್ಪು ಇನ್ನೂ ಬಂದಿಲ್ಲ.

ಹಿಂದಿರುಗುವಾಗ ಆ ತಂದೆಯೂ ನಾವೂ ಒಂದೇ ಗಾಡಿ ಹತ್ತಿದೆವು. ಠಾಕುರ್ಲಿ ದಾಟುವವರೆಗೆ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಡೊಂಬಿವಲಿ ಸಮೀಪಿಸಿದಾಗ, ಹುಡುಗ ಒಂಬತ್ತನೆಯ ತರಗತಿಯ ವ್ಯಾಕರಣದಲ್ಲಿ ಹಿಂದೆ ಬಿದ್ದಿದ್ದಾನೆ, ಆದಿತ್ಯವಾರ ಮನೆಗೆ ಕಳಿಸಲೇ ಎಂದು ಕೇಳಿದರು.