ವಾತ್ಸಲ್ಯವೂ ಗ್ರಂಥಿಯೂ

ಗ್ರಂಥಿಯೆಂದರೆ ಗಂಟು. ಪಾಠಶಾಲೆಯಲ್ಲಿ ನಮಗೆ ಕಲಿಸಿದ ಅರ್ಥವು ಇಷ್ಟೇ. ಅದೇ ಶಬ್ದವನ್ನು ಇಂದಿನ ಶಾಸ್ತ್ರಜ್ಞರು ಪ್ರಾಣಿಶರೀರದಲ್ಲಿ ರಸವನ್ನು ಉತ್ಪಾದಿಸುವ ಅಂಗಗಳಿಗೆ ಇಟ್ಟಿರುವರು. ಲಾಲಾಗ್ರಂಥಿಯಂತೆ ನಾಳದ ಮೂಲಕ ರಸವನ್ನು ಹೊರಬಿಡತಕ್ಕವು ಕೆಲವು. ನಾಳವಿಲ್ಲದೆ ನೇರವಾಗಿ ರಕ್ತದಲ್ಲಿಯೇ ಕೂಡಿಸತಕ್ಕವು ಕೆಲವು. ಈ ಎರಡೂ ಜೊತೆಗೂಡಿ ಕೆಲಸ ಮಾಡುವುದನ್ನು ಕಾಣಬೇಕಾದರೆ ಹೈನದ ಎಮ್ಮೆಯ ಬಳಿ ನಿಂತರೆ ಸಾಕು.

ಕೆಚ್ಚಲೂ ಒಂದು ಗ್ರಂಥಿಯೇ. ಅದರಲ್ಲಿ ಹಾಲು ತುಂಬಿದ್ದರೂ ಬರಿಯ ಕೈಬಲಕ್ಕೆ ಅದೆಲ್ಲವೂ ಬಾರದು. ಕರುವು ಮೊಲೆಗೆ ಬಾಯಿ ಹಾಕಿ ಗುಮ್ಮಿದೊಡನೆ ಆ ಸ್ಪರ್ಶದ ವಾರ್ತೆಯು ನರಗಳ ಮೂಲಕ ಮಿದುಳಿಗೆ ಮುಟ್ಟುತ್ತದೆ. ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ಎಂಬ ರಸವು ರಕ್ತಕ್ಕಿಳಿದು ಕೆಚ್ಚಲನ್ನು ಸೇರಿ, ಹಾಲಿನ ಸೂಕ್ಷ್ಮವಾದ ಚೀಲಗಳನ್ನು ಸುತ್ತಿರುವ ಜೀವಕೋಶಗಳನ್ನು ಬಿಗಿಯಿಸುತ್ತದೆ. ಆಗ ಹಾಲು ಇಳಿಯುತ್ತದೆ. ಇದರ ಬಲವು ಕೆಲವೇ ನಿಮಿಷಗಳದು. ಆದುದರಿಂದಲೇ ಬಲ್ಲ ಹೆಂಗಸರು ಹಿಂಡಲು ಕುಳಿತ ಮೇಲೆ ಮಾತಿಗೆ ತೊಡಗುವುದಿಲ್ಲ. ನಾಯಿ ಬೊಗಳಿ ಎಮ್ಮೆ ಬೆದರಿತೆಂದರೆ ಮೂತ್ರಪಿಂಡದ ಮೇಲಣ ಗ್ರಂಥಿಯು ಅಡ್ರಿನಲಿನ್ನನ್ನು ಸುರಿಸಿ ಈ ಕಾರ್ಯವನ್ನು ತಡೆಯುತ್ತದೆ. ಹಾಲು ಬಚ್ಚಿಟ್ಟುಕೊಂಡಿತೆಂದು ಆ ಮೂಕಪ್ರಾಣಿಯನ್ನು ಬಡಿಯುವುದು ಶುದ್ಧ ಅವಿವೇಕ.

ಅಮೇರಿಕೆಯ ವಿನ್ಸೆಂಟ್ ಡು ವಿನ್ಯೋ ಎಂಬ ರಸಾಯನಜ್ಞರು ಈ ರಸವನ್ನು ಪ್ರಯೋಗಶಾಲೆಯಲ್ಲಿಯೇ ನಿರ್ಮಿಸಿ 1955ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಹೆರಿಗೆಯ ತರುವಾಯದ ರಕ್ತಸ್ರಾವವನ್ನು ತಡೆದು ಎಷ್ಟೋ ತಾಯಂದಿರನ್ನು ಉಳಿಸಿದ ಔಷಧವಿದು. ಅದೇ ಔಷಧವು ಕೊಟ್ಟಿಗೆಗೂ ಕದ್ದು ಬಂದಿತು. ಇದನ್ನು ತಡೆಯಲೆಂದು 2018ರಲ್ಲಿ ಕೇಂದ್ರ ಸರಕಾರವು, ದೇಶದೊಳಗಿನ ಉಪಯೋಗಕ್ಕೆ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಎಂಬ ಸರಕಾರಿ ಸಂಸ್ಥೆಯೊಂದೇ ಇದನ್ನು ತಯಾರಿಸತಕ್ಕದ್ದೆಂದು ಆಜ್ಞಾಪಿಸಿತು. ತಾಯಂದಿರಿಗೆ ಔಷಧವೇ ಸಿಕ್ಕದಾದೀತೆಂಬ ಆಕ್ಷೇಪವೆದ್ದು, ಅದೇ ಡಿಸೆಂಬರಿನಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು.

ಗಂಗಾವತಿಯ ಕಾಲುವೆ ಸೀಮೆಯವರಿಗೆ ಭತ್ತದ ಹುಲ್ಲಾದರೂ ಉಂಟು. ಯಲಬುರ್ಗಾದ ಮಳೆನೆಚ್ಚಿನ ನಮ್ಮಂಥವರಿಗೆ ಕಣಿಕೆಗೂ ಹಣ, ಹಿಂಡಿಗೂ ಹಣ. ಕಳೆದ ಸುಗ್ಗಿಯಲ್ಲಿ ನಮ್ಮ ಎಮ್ಮೆಯ ಕರುವು ಸತ್ತು, ಅದು ಹಾಲು ಇಳಿಸದಾದಾಗ ಮಗನು, "ಅಪ್ಪಾ, ಹಿಂಡಿಯ ಸಾಲ ಹಾಲಿನಿಂದಲೇ ತೀರಬೇಕು. ಊರೆಲ್ಲ ಸೂಜಿ ಹಾಕುತ್ತಾರೆ, ನಾವೂ ಹಾಕೋಣ" ಎಂದನು. ನಾನು ಒಪ್ಪಲಿಲ್ಲ. ಹಾಲು ಕುಡಿದವರಿಗೆ ವಿಷವಾದೀತೆಂಬ ಭಯದಿಂದಲ್ಲ. ಒಂಬತ್ತು ಅಮೈನೋ ಆಮ್ಲಗಳ ಈ ಸಣ್ಣ ಸರಪಳಿಯು ಜೀರ್ಣಾಂಗಗಳಲ್ಲಿ ಮುರಿದುಹೋಗುತ್ತದೆ. ಆದರೆ ದಿನವೂ ಸೂಜಿಯುಂಡ ಪ್ರಾಣಿಯು ಬರಬರುತ್ತ ಸೂಜಿಯಿಲ್ಲದೆ ಹಾಲಿಳಿಸುವುದನ್ನೇ ಬಿಡುತ್ತದೆ. ಹಾಲಿಗಾಗಿ ಪ್ರಾಣಿಗೆ ಅಪಾಯಕರವಾದ ಸೂಜಿಮದ್ದು ಚುಚ್ಚುವುದನ್ನು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ನಿಷೇಧಿಸಿದೆ. ಅದಲ್ಲದೆ, ವತ್ಸವೆಂದರೆ ಕರು. ಪಾಣಿನಿಯು ವತ್ಸಲಶಬ್ದವನ್ನು ಸಾಧಿಸಿರುವುದು ಆ ವತ್ಸದಿಂದಲೇ. ಜೀವಮಾನವೆಲ್ಲ ಇದನ್ನು ಪಾಠ ಹೇಳಿದವನ ಕೊಟ್ಟಿಗೆಯಲ್ಲಿ ಕರುವಿನ ಸ್ಥಾನಕ್ಕೆ ಸೂಜಿಯು ಬರುವುದೆಂದರೆ ನನಗೆ ಸಹಿಸದಾಯಿತು.

ಸೊಸೆಯು ಬೇರೆ ದಾರಿ ಹಿಡಿದಳು. ನಿತ್ಯವೂ ಒಂದೇ ಹೊತ್ತಿಗೆ ನೆನೆಸಿದ ಹತ್ತಿಕಾಳನ್ನು ಮುಂದಿಟ್ಟು, ಬಿಸಿನೀರಿನಿಂದ ಕೆಚ್ಚಲು ತೊಳೆದು, ಮೊಲೆಗಳನ್ನು ನೀವುತ್ತ ಮೆಲ್ಲಗೆ ಮಾತನಾಡಿಸುವಳು. ಹತ್ತು ದಿನಗಳಾಗುವಷ್ಟರಲ್ಲಿ ಬಕೀಟಿನ ಸಪ್ಪಳ ಕೇಳಿದರೇ ಎಮ್ಮೆಯು ಹಾಲಿಳಿಸತೊಡಗಿತು. ಹಾಲು ಮೊದಲಿಗಿಂತ ಒಂದು ತಂಬಿಗೆ ಕಡಿಮೆ. ಹಿಂಡಿಯ ಸಾಲವು ತೀರಲು ಇನ್ನೆರಡು ತಿಂಗಳು ಹಿಡಿಯಿತು.