ಆರು ಅಂಗುಲದ ಗೋಡೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯ ಮೇಲೆ ಬರ್ಕ್ಲಿ ಎಂಬ ಊರಿದೆ. ಎದುರಿಗೆ ನೀರು, ಬೆನ್ನಿಗೆ ಗುಡ್ಡ, ನಡುವೆ ಹೆಸರಾಂತ ವಿಶ್ವವಿದ್ಯಾನಿಲಯ. ರಸಾಯನಶಾಸ್ತ್ರ ಓದಿದವರಿಗೆ ಈ ಹೆಸರು ಆವರ್ತ ಕೋಷ್ಟಕದಲ್ಲೇ ಸಿಗುತ್ತದೆ. 97ನೆಯ ಧಾತು ಬರ್ಕೀಲಿಯಂಗೆ ಹೆಸರು ಕೊಟ್ಟದ್ದು ಇದೇ ಊರು. ಆದರೆ ಇಲ್ಲಿ ನೋಡಲೇಬೇಕಾದ ಇನ್ನೊಂದು ವಸ್ತುವನ್ನು ಕಾಣಬೇಕಾದರೆ ತಲೆಯೆತ್ತಿದರೆ ಸಾಲದು, ತಲೆ ತಗ್ಗಿಸಬೇಕು.

ವಿಶ್ವವಿದ್ಯಾನಿಲಯದ ದಕ್ಷಿಣ ಅಂಚಿನಲ್ಲಿ ಟೆಲಿಗ್ರಾಫ್ ಅವೆನ್ಯೂ ಎಂಬ ಬೀದಿ ಬ್ಯಾಂಕ್ರಾಫ್ಟ್ ರಸ್ತೆಯನ್ನು ಕೂಡುತ್ತದೆ. ಅಂಗಡಿ, ಕಾಫಿ, ವಿದ್ಯಾರ್ಥಿಗಳ ಗದ್ದಲ ಎಲ್ಲವೂ ಇರುವ ಬೀದಿ. ಆ ಮೂಲೆಯಲ್ಲಿ ಫುಟ್‌ಪಾತಿನ ಅಂಚು ರಸ್ತೆಯ ಮಟ್ಟಕ್ಕೆ ಮೆಲ್ಲಗೆ ಇಳಿಯುತ್ತದೆ. ಗಾಲಿಕುರ್ಚಿ ಇಳಿಯುತ್ತದೆ, ಅದರ ಹಿಂದೆ ಮಗುವಿನ ತಳ್ಳುಗಾಡಿ, ಚಕ್ರದ ಪೆಟ್ಟಿಗೆ ಎಳೆದುಕೊಂಡ ಪ್ರಯಾಣಿಕ, ಮೊಣಕಾಲು ನೋವಿನ ಅಜ್ಜಿ. ಇಳಿದವರಲ್ಲಿ ಅನೇಕರಿಗೆ ತಾವು ಒಂದು ದೂರಿನ ಮೇಲೆ ನಡೆದುಹೋದೆವೆಂಬುದು ತಿಳಿದಿರುವುದಿಲ್ಲ.

ಆ ದೂರಿನ ಕಥೆ 1962ರಲ್ಲಿ ಮೊದಲಾಗುತ್ತದೆ. ಎಡ್ ರಾಬರ್ಟ್ಸ್ ಎಂಬ ಯುವಕ ಆ ವರ್ಷ ಇಲ್ಲಿಗೆ ಓದಲು ಬಂದ. ಹದಿನಾಲ್ಕನೆಯ ವಯಸ್ಸಿನಲ್ಲಿ ತಗುಲಿದ ಪೋಲಿಯೊ ಅವನ ದೇಹವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನಿಶ್ಚಲಗೊಳಿಸಿತ್ತು. ಉಸಿರಾಟಕ್ಕೆ ರಾತ್ರಿ ‘ಐರನ್ ಲಂಗ್’ ಬೇಕು. ಎದೆಯ ಸುತ್ತಲಿನ ಗಾಳಿಯ ಒತ್ತಡವನ್ನು ಏರಿಳಿಸಿ ಶ್ವಾಸಕೋಶವನ್ನು ಅರಳಿಸುವ ದೊಡ್ಡ ಲೋಹದ ಪೀಪಾಯಿ ಅದು. ಅದಕ್ಕೆ ಹಾಸ್ಟೆಲಿನಲ್ಲಿ ಎಡೆ ಸಿಗದೆ, ವಿಶ್ವವಿದ್ಯಾನಿಲಯದ ಕವೆಲ್ ಆಸ್ಪತ್ರೆಯ ಕೋಣೆಯೇ ಅವನ ವಸತಿಯಾಯಿತು. ಕ್ರಮೇಣ ಅಂಥವರೇ ಇನ್ನಷ್ಟು ಮಂದಿ ಬಂದು ಸೇರಿದರು. ತಮ್ಮ ಗುಂಪಿಗೆ ‘ರೋಲಿಂಗ್ ಕ್ವಾಡ್ಸ್’ ಎಂದು ಹೆಸರಿಟ್ಟುಕೊಂಡರು.

ತರಗತಿಗೆ ಹೋಗುವುದು ಹೇಗೋ ಸಾಧ್ಯವಾಯಿತು. ಊರಿಗೆ ಹೋಗುವುದು ಆಗಲಿಲ್ಲ. ಪ್ರತಿ ಮೂಲೆಯಲ್ಲೂ ಆರು ಅಂಗುಲದ ಅಂಚುಕಲ್ಲು. ನಡೆಯುವವನಿಗೆ ಅದು ಅರ್ಧ ಹೆಜ್ಜೆ. ಗಾಲಿಕುರ್ಚಿಯವನಿಗೆ ಕೋಟೆಯ ಗೋಡೆ. ಅವರು ಈ ದೂರನ್ನು ನಗರಸಭೆಯ ಮುಂದಿಟ್ಟರು. 1971ರ ಸೆಪ್ಟೆಂಬರ್ 28ರಂದು ನಗರಸಭೆ ನಿರ್ಣಯ ಮಾಡಿತು: ಪ್ರಮುಖ ವ್ಯಾಪಾರದ ಬೀದಿಗಳನ್ನು ಅಂಗವಿಕಲರೂ ಓಡಾಡುವಂತೆ ರೂಪಿಸಬೇಕು. ಅಂಚುಗಳು ಇಳಿಜಾರಾದವು. ಇಂಥ ಪ್ರಯತ್ನ ಮಿಷಿಗನ್ ರಾಜ್ಯದ ಕಲಮಜೂನಲ್ಲಿ 1940ರ ದಶಕದಲ್ಲೇ ನಡೆದಿತ್ತಾದರೂ, ಅದನ್ನು ಹಕ್ಕಿನ ಮಾತಾಗಿ ದೇಶಕ್ಕೆ ಕೇಳಿಸಿದ ಊರು ಬರ್ಕ್ಲಿ.

ಇಳಿಜಾರಿನ ಲೆಕ್ಕ ಹೈಸ್ಕೂಲಿನದು. ಒಂದಕ್ಕೆ ಹನ್ನೆರಡು: 15 ಸೆಂಟಿಮೀಟರ್ ಏರಲು 180 ಸೆಂಟಿಮೀಟರ್ ಉದ್ದ. ಕುರ್ಚಿಯೂ ಸೇರಿ 96 ಕಿಲೊ ತೂಗುವವರನ್ನು ನೇರವಾಗಿ ಎತ್ತಲು ಇಬ್ಬರು ಬೇಕು. ಈ ಇಳಿಜಾರಿನಲ್ಲಿ, ಘರ್ಷಣೆಯನ್ನು ಬಿಟ್ಟರೆ, ಎಂಟು ಕಿಲೊ ಎತ್ತುವಷ್ಟು ಬಲ ಸಾಕು. ಆದರೆ ಕಡಿದಾಗಿ ಕಟ್ಟಿದ ಇಳಿಜಾರು ಹತ್ತಲೂ ಬಾರದು, ಇಳಿಯುವಾಗ ಅಪಾಯ ಬೇರೆ. ಹೆಸರಿಗೊಂದು ಇಳಿಜಾರು ಇದ್ದರೆ ಸಾಲದೆನ್ನುವುದು ಇದಕ್ಕೇ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಅಂಧರಿಗೆ ಆ ಅಂಚುಕಲ್ಲೇ ಗುರುತು. ಕೋಲಿಗೆ ಅಂಚು ತಗುಲದಿದ್ದರೆ ಫುಟ್‌ಪಾತ್ ಎಲ್ಲಿ ಮುಗಿಯಿತು, ರಸ್ತೆ ಎಲ್ಲಿ ಮೊದಲಾಯಿತು ತಿಳಿಯುವುದು ಹೇಗೆ? ಒಬ್ಬರ ಪರಿಹಾರ ಇನ್ನೊಬ್ಬರ ಸಂಕಟವಾಯಿತು. ಇಂದು ಇಳಿಜಾರುಗಳ ತುದಿಯಲ್ಲಿ ಕಾಣುವ, ಪಾದಕ್ಕೂ ಕೋಲಿಗೂ ತಾಕುವ ಗುಬುಟು ಹಾಸು ಈ ಎರಡನೆಯ ದೂರಿಗೆ ಸಿಕ್ಕ ಉತ್ತರ.

ಹೋರಾಟ ಬೀದಿಯಿಂದ ಶಾಸನಕ್ಕೆ ಹೋಯಿತು. 1977ರ ಏಪ್ರಿಲ್ 5ರಂದು ಕೊಲ್ಲಿಯ ಆಚೆ, ಸ್ಯಾನ್ ಫ್ರಾನ್ಸಿಸ್ಕೋದ ಕೇಂದ್ರ ಸರ್ಕಾರಿ ಕಚೇರಿಯೊಳಗೆ ಹೋಗಿ ಕುಳಿತ ಅಂಗವಿಕಲರು ಮೂರು ವಾರಕ್ಕೂ ಮಿಕ್ಕಿ ಅಲ್ಲಿಂದ ಕದಲಲಿಲ್ಲ. 1973ರ ಕಾಯಿದೆಗೆ ನಿಯಮಗಳು ಬೇಕೆಂಬುದು ಅವರ ಬೇಡಿಕೆ. ಮುಂದಾಳುಗಳಲ್ಲಿ ಒಬ್ಬರು ಜೂಡಿ ಹ್ಯೂಮನ್. ಗಾಲಿಕುರ್ಚಿಯವರೆಂಬ ಕಾರಣಕ್ಕೆ ನ್ಯೂಯಾರ್ಕಿನಲ್ಲಿ ಶಿಕ್ಷಕಿಯ ಪರವಾನಗಿ ನಿರಾಕರಿಸಲ್ಪಟ್ಟು, 1970ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಅದನ್ನು ಪಡೆದವರು. ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿತ್ತು. 1990ರ ಜುಲೈ 26ರಂದು ಅಂಗವಿಕಲರ ಹಕ್ಕುಗಳ ವ್ಯಾಪಕ ಕಾಯಿದೆಯೇ ಬಂತು.

ಆ ಕಾಯಿದೆಯಡಿಯ ನಿಯಮಗಳಲ್ಲಿ ಸದ್ದಿಲ್ಲದ ಒಂದು ಅಂಶವಿದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಪ್ರತಿ ಸ್ಥಳೀಯ ಸಂಸ್ಥೆಯೂ ಇದಕ್ಕೆಂದೇ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿ, ಅವರ ಹೆಸರು, ವಿಳಾಸ, ಫೋನ್ ನಂಬರನ್ನು ತಿಳಿಯಪಡಿಸಬೇಕು. ದೂರು ವಿಚಾರಿಸುವ ವಿಧಾನವನ್ನು ಪ್ರಕಟಿಸಬೇಕು. ಕೇಂದ್ರ ನ್ಯಾಯ ಇಲಾಖೆ ಒಂದು ಮಾದರಿಯನ್ನೂ ಕೊಟ್ಟಿದೆ. ದೂರು ಬಂದ 15 ದಿನದೊಳಗೆ ಅಧಿಕಾರಿ ದೂರುದಾರರನ್ನು ಕಂಡು ಮಾತಾಡಬೇಕು. ನಂತರದ 15 ದಿನದಲ್ಲಿ ಲಿಖಿತ ಉತ್ತರ ಕೊಡಬೇಕು. ಅಂಧರಿಗಾದರೆ ಬ್ರೈಲ್‌ನಲ್ಲಿ ಅಥವಾ ಧ್ವನಿಮುದ್ರಣದಲ್ಲಿ. ಬರೆಯಲಾಗದವರು ಬಾಯಲ್ಲೇ ಹೇಳಬಹುದು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ. ಕಾಗದಪತ್ರಗಳನ್ನು ಮೂರು ವರ್ಷ ಕಾಪಾಡಬೇಕು.

ಉತ್ತರ ಬಾರದಿದ್ದರೆ ಏನಾಗುತ್ತದೆಂಬುದಕ್ಕೆ ಅದೇ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊ ಸಾಕ್ಷಿ. ಫುಟ್‌ಪಾತ್ ಕಾಯಿದೆ ಹೇಳುವ ‘ಸೇವೆ’ಯೇ ಅಲ್ಲವೆಂದು ಅಲ್ಲಿನ ನಗರಾಡಳಿತ ವಾದಿಸಿತು. ಹೌದು, ಅದೂ ಸೇವೆಯೇ ಎಂದು 2002ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಕೊನೆಗೆ ರಾಜಿಯಾಗಿ, ಗರಿಷ್ಠ 30 ವರ್ಷಗಳವರೆಗೆ ಸಾರಿಗೆ ನಿಧಿಯ ಶೇಕಡ 20ರಷ್ಟನ್ನು ಕಾಲುದಾರಿಗಳಿಗಾಗಿ ತೆಗೆದಿಡಲು ನಗರ ಒಪ್ಪಿತು.

ಎಡ್ ರಾಬರ್ಟ್ಸ್ 1995ರಲ್ಲಿ ತೀರಿಕೊಂಡರು. ಬರ್ಕ್ಲಿಯ ಆಶ್ಬಿ ರೈಲು ನಿಲ್ದಾಣಕ್ಕೆ ಹೊಂದಿಕೊಂಡಂತೆ 2010ರಲ್ಲಿ ಅವರ ಹೆಸರಿನ ಭವನ ತೆರೆಯಿತು. ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಬೀಳುವುದು ಶಂಖದಂತೆ ಸುತ್ತಿ ಮೇಲಿನ ಮಹಡಿಗೆ ಏರುವ ಕೆಂಪು ಇಳಿಜಾರು. ಅಲ್ಲಿ ಅದು ಹಿಂಬಾಗಿಲ ಏರ್ಪಾಡಲ್ಲ. ಕಟ್ಟಡದ ನಡುಮನೆಯೇ ಅದು.

ಭಾರತದ ಮಾರ್ಗಸೂಚಿಯೂ ಒಂದಕ್ಕೆ ಹನ್ನೆರಡರ ಲೆಕ್ಕವನ್ನೇ ಹೇಳುತ್ತದೆ. 2016ರ ಕಾಯಿದೆ, ನಿಯಮಗಳು ಹೊರಬಿದ್ದ ಐದು ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೂ ಎಲ್ಲರಿಗೂ ಒದಗುವಂತಾಗಬೇಕೆಂದಿತು. ನಿಯಮಗಳು ಬಂದದ್ದು 2017ರಲ್ಲಿ. ದೂರು ಆಲಿಸಲು ರಾಜ್ಯ ಮಟ್ಟದಲ್ಲಿ ಆಯುಕ್ತರಿದ್ದಾರೆ. ಆದರೆ ಊರಿನ ಕಚೇರಿಯ ಮೂರು ಮೆಟ್ಟಿಲಿನ ದೂರು ಊರಿನ ಕಚೇರಿಯಲ್ಲೇ ತೀರುವುದು ಲೇಸು. ಆ ಮೂರು ಮೆಟ್ಟಿಲಿಗೆ ಬೇಕಾದದ್ದು ಸುಮಾರು ಐದೂವರೆ ಮೀಟರ್ ಇಳಿಜಾರು, ಒಂದು ಕೈಪಿಡಿ. ಅದಕ್ಕೂ ಮೊದಲು, ಹೆಸರು ಹಾಕಿಕೊಂಡು ದೂರು ತೆಗೆದುಕೊಳ್ಳುವ, ತಾರೀಖು ಹಾಕಿ ಉತ್ತರಿಸುವ ಒಬ್ಬ ಅಧಿಕಾರಿ ಬೇಕು. ಅವರ ಮೇಜು ಮಹಡಿಯ ಮೇಲಿರದೆ ನೆಲ ಅಂತಸ್ತಿನಲ್ಲಿರಬೇಕು.