ರಾತ್ರಿ ಆಳಿಗೆ ಪೂರಾ ವಿಳಾಸ ಹೇಳ್ರಿ

ನಮ್ಮ ಅತ್ತಿಯವರು ಹಾಡಿದ ಬೀಸುಕಲ್ಲಿನ ಪದ 36 ಅದಾವ್ರಿ, ಎಲ್ಲಾ ಹಳೇ ಲ್ಯಾಪ್‌ಟಾಪಿನ್ಯಾಗ. ಅತ್ತಿಯವರು ಈಗಿಲ್ಲ, ದನಿ ಅಷ್ಟ ಉಳದೈತಿ. ಲ್ಯಾಪ್‌ಟಾಪ್ ಯಾವಾಗ ಕೈ ಕೊಡತೈತೋ ಅಂತ ಮಗ ಒಂದು ಸ್ಕ್ರಿಪ್ಟ್ ಬರದ ಇಟ್ಟಾನ. ದಿನಾ ರಾತ್ರಿ 2 ಗಂಟೇಕ ಹಾಡೆಲ್ಲಾ ಬ್ಯಾರೆ ಡಿಸ್ಕಿಗೆ ಕಾಪಿ ಆಗಬೇಕು.

ಅದರಾಗಿರೂದು ಲಿನಕ್ಸ್. ಅಲ್ಲಿ ಹೊತ್ತಿಗೆ ಸರಿಯಾಗಿ ಕೆಲಸಾ ಮಾಡೂ ಆಳಿನ ಹೆಸರು ಕ್ರಾನ್. 1970ರ ದಶಕದಿಂದ ಯುನಿಕ್ಸ್‌ನ್ಯಾಗ ಐತಿ. ಪಾಲ್ ವಿಕ್ಸಿ ಅನ್ನಾವರು 1987ರಾಗ ಅದನ್ನ ಹೊಸದಾಗಿ ಬರದ್ರು. ನಿಮಿಷ, ತಾಸು, ತಾರೀಖು, ತಿಂಗಳು, ವಾರ ಅಂತ ಐದು ಮನಿ ತುಂಬಿ ಮುಂದ ಕೆಲಸಾ ಬರದ್ರ ಆತು.

ಮೊನ್ನೆ ಡಿಸ್ಕ್ ತಗದ ನೋಡಿದ್ರ ಖಾಲಿ! ಮಗ ಫೋನಿನ್ಯಾಗ ಹೇಳಿದಂಗ ನಾನ ಸ್ಕ್ರಿಪ್ಟ್ ನಡಿಸಿದೆ, 36 ಹಾಡೂ ಬಂದ್ವು. ಹೊಸಾದೊಂದು ಫೈಲ್ ಹಾಕಿ ರಾತ್ರಿ ಬಿಟ್ಟೆ, ಮುಂಜಾನೆ ಅದು ಬಂದಿರಲಿಲ್ಲ. ಕೈಲೆ ಮಾಡಿದ್ರ ಆಗತೈತಿ, ಕ್ರಾನ್ ಮಾಡಿದ್ರ ಆಗೂದಿಲ್ಲ. ಯಾಕ?

ನಮ್ಮ ದೊಡವಾಡದಾಗ ನಿಂತಾವರಿಗೆ ‘ಅಗಸಿ ದಾಟಿ ಎಡಕ್ಕ ಹೊಳ್ರಿ’ ಅಂದ್ರ ಸಾಕು, ಮನಿ ಸಿಗತೈತಿ. ಬೈಲಹೊಂಗಲ ಬಸ್‌ಸ್ಟ್ಯಾಂಡಿನ್ಯಾಗ ಇಳದಾವರಿಗೆ ಅಷ್ಟ ಹೇಳಿದ್ರ? ಅವರು ಅಲ್ಲೇ ಅಗಸಿ ಹುಡುಕತಾರ. ಸ್ಕ್ರಿಪ್ಟಿನ್ಯಾಗೂ ಬರೀ ‘ಹಾಡು’ ಅಂತ ಫೋಲ್ಡರಿನ ಹೆಸರಿತ್ತು. ನಾವು ನಡಸೂ ಮುಂದ ಅದರ ಬಾಜೂಕ ನಿಂತಿರ್ತೇವಿ, ಅದಕ್ಕ ಸಿಗತೈತಿ. ಕ್ರಾನ್ ನಿಂದರೂದು ಹೋಮ್ ಫೋಲ್ಡರಿನ್ಯಾಗ. ಅಲ್ಲಿ ‘ಹಾಡು’ ಅನ್ನೂದು ಇಲ್ಲ. ಆಳಿನದೇನೂ ತಪ್ಪಿಲ್ರಿ, ವಿಳಾಸ ಅರ್ಧ ಇತ್ತು.

ಪತ್ರದ ಮ್ಯಾಲ ಜಿಲ್ಲಾ, ತಾಲೂಕ, ಊರು, ಓಣಿ ಬರದಂಗ ಕಂಪ್ಯೂಟರಿನ್ಯಾಗೂ ಮೊದಲನೇ ಸ್ಲ್ಯಾಶ್‌ದಿಂದ ಹಿಡದು ಪೂರಾ ಹಾದಿ ಬರೀಬೇಕು. ಓದೂ ಫೈಲ್, ಬರಿಯೂ ಫೈಲ್, ಸ್ಕ್ರಿಪ್ಟ್ ಇರೂ ಜಾಗಾ, ಮೂರಕ್ಕೂ. ಇಲ್ಲಾಂದ್ರ ಸ್ಕ್ರಿಪ್ಟಿನ ಸುರುವಿಗೆ ಸಿಡಿ ಆಜ್ಞೆಲೆ ಆ ಫೋಲ್ಡರಿಗೆ ಹೋಗಿ, ಹೋಗಾಕ ಆಗದಿದ್ರ ಅಲ್ಲೇ ನಿಲ್ಲೂ ಹಂಗ ಬರೀರಿ. ಎಲ್ಲಿ ನಿಂತೈತಿ ಅಂತ ಅನುಮಾನ ಬಂದ್ರ ಪಿಡಬ್ಲ್ಯೂಡಿ ಅನ್ನೂ ಆಜ್ಞೆ ಹಾಕಿ ನೋಡ್ರಿ, ಅದು ಹೇಳತೈತಿ.

ಇನ್ನೊಂದು. ಆಜ್ಞೆಗಳನ್ನ ಹುಡುಕಾಕ ಕ್ರಾನ್‌ಗೆ ಗೊತ್ತಿರೂ ಓಣಿ ಭಾಳ ಕಡಿಮಿ, ಎಷ್ಟೋ ಕಡೆ ಎರಡ. ನಮ್ಮ ಕೈಗೆ ಸಿಗೂ ಪ್ರೋಗ್ರಾಮ್ ಅದಕ್ಕ ಸಿಗದಿರಬಹುದು. ‘ವಿಚ್’ ಅಂತ ಕೇಳಿ, ಅದು ಕೊಡೂ ಪೂರಾ ಹಾದಿನ ಬರೀರಿ.

ಕೆಲಸಾ ಕೆಟ್ರ ಕ್ರಾನ್ ಮೇಲ್ ಕಳಸಾಕ ನೋಡತೈತಿ. ಮನಿ ಲ್ಯಾಪ್‌ಟಾಪಿನ್ಯಾಗ ಆ ಮೇಲಿನ ವ್ಯವಸ್ಥಾ ಎಲ್ಲಿಂದ ಬರಬೇಕು? ಸುಮ್ಮನ ಹೋಗಿಬಿಡತೈತಿ. ಅದಕ್ಕ ಅದರ ಮಾತು, ತಕರಾರು ಎರಡೂ ಒಂದು ಲಾಗ್ ಫೈಲಿಗೆ ಬೀಳೂ ಹಂಗ ಮಾಡ್ರಿ. ನಮ್ಮದರಾಗ ಹಂಗ ಮಾಡಿದ ಮ್ಯಾಲ ‘ಅಂಥಾ ಫೋಲ್ಡರ್ ಇಲ್ಲ’ ಅಂತ ಒಂದ ಸಾಲು ಬಂತು, ಎಲ್ಲಾ ತಿಳೀತು.

ತಿದ್ದಿದ ಮ್ಯಾಲ ರಾತ್ರಿ 2ರ ತನಕ ಕಾಯಬ್ಯಾಡ್ರಿ, ಐದು ನಿಮಿಷ ಮುಂದಿನ ಹೊತ್ತು ಹಾಕಿ ನೋಡ್ರಿ. ಲ್ಯಾಪ್‌ಟಾಪ್ ಮಲಗಿದ್ರ ಕ್ರಾನ್ ಆ ಸರತಿ ಬಿಟ್ಟ ಬಿಡತೈತಿ, ಅದೂ ನೆನಪಿರಲಿ. ಕಡೀಕ, ಕಾಪಿ ಆದ ಫೈಲಿನ ಹೆಸರು ನೋಡಿ ನಂಬಬ್ಯಾಡ್ರಿ. ಒಂದರ ತಗದು ಕಿವಿಲೆ ಪೂರಾ ಕೇಳ್ರಿ.